ಗರಿ, ಜರಿ ಮತ್ತು ನಮ್ಮ ಕ್ಯಾಪ್ಟನ್

ನಮ್ಮ ಬಿಲ್ಡಿಂಗಿನವರು ಮೊದಮೊದಲು ಅವರನ್ನು ಹಡಗಿನ ಕ್ಯಾಪ್ಟನ್ ಎಂದೇ ತಿಳಿದಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕಪ್ಪು ಪ್ಯಾಂಟು, ಮುಖ ಕಾಣುವಷ್ಟು ಉಜ್ಜಿದ ಬೂಟು ಹಾಕಿಕೊಂಡು ಬೆಳಿಗ್ಗೆ ಬೊರಿವಲಿ ಸ್ಟೇಷನ್ನಿನ ಕಡೆ ನಡೆಯುವ ಮನುಷ್ಯನನ್ನು ಎಲ್ಲರೂ ಕ್ಯಾಪ್ಟನ್ ಎಂದು ಕರೆದರೆ ಯಾರಿಗಾದರೂ ಸಮುದ್ರವೇ ನೆನಪಾಗುತ್ತದೆ. ಸೊಸೈಟಿಯ ಸೆಕ್ರೆಟರಿಗೆ ತನ್ನ ಅಳಿಯನಿಗೊಂದು ಹಡಗಿನ ನೌಕರಿ ಕೊಡಿಸುವ ಆಸೆ. ಒಂದು ದಿನ ಲಿಫ್ಟಿನಲ್ಲಿ ಇವರನ್ನು ಹಿಡಿದು, "ಸಾಹೇಬ್, ಆಪ್ಕಾ ಜಹಾಜ್ ಅಭೀ ಕಹಾಂ ಹೈ?" ಎಂದು ಕೇಳಿದ. ಇವರು ಮುಖದ ಒಂದು ಗೆರೆಯನ್ನೂ ಅಲುಗಿಸದೆ, "ಅಂಧೇರಿ ಸ್ಟೇಷನ್ ಕೆ ಸಾಮ್ನೆ. ಊಪರ್ ಎಸಿ ಸೆಕ್ಷನ್ ಭೀ ಹೈ" ಎಂದರು.

ಅವರು ಅಂಧೇರಿಯ ಒಂದು ಉಡುಪಿ ಹೋಟೆಲಿನಲ್ಲಿ ಕ್ಯಾಪ್ಟನ್ ಆಗಿದ್ದರು. ಗಿರಾಕಿ ಕೂತ ಕೂಡಲೇ ಹತ್ತಿರ ಹೋಗಿ ನಿಂತು, ಆರ್ಡರ್ ಬರೆದುಕೊಂಡು, ವೇಟರುಗಳನ್ನು ಕಣ್ಣಿನಲ್ಲೇ ಓಡಿಸುವ ಕೆಲಸ. ಜೀವನವಿಡೀ ಸಸ್ಯಾಹಾರಿ ಹೋಟೆಲಿನಲ್ಲಿ ನಿಂತು, ಮನೆಗೆ ಬಂದು ಮೀನು ಉಂಡವರು. ಅವರು ಹೋಗಿ ಎರಡು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಬರೆದಿದ್ದರೆ "ನನ್ನನ್ನು ಒಂದು ಮಾತು ಕೇಳಿದ್ರಾ ಮಾಷ್ಟ್ರೇ?" ಎನ್ನುತ್ತಿದ್ದರು. ಈಗ ಕೇಳೋಣವೆಂದರೆ ಅವರಿಲ್ಲ.

ಮಾಷ್ಟ್ರು ಅಂದರೆ ನಾನು. ಧಾರವಾಡ ಕಡೆಯವನು. ಈ ಊರಿನ ಒಂದು ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ವ್ಯಾಕರಣ ಕಲಿಸಿ, ಕಡೆಗೆ ಮಕ್ಕಳೇ ಇಲ್ಲದ ಶಾಲೆಯಿಂದ ನಿವೃತ್ತನಾದವನು. ಹುಟ್ಟಿದಾಗಿನಿಂದ ಸಸ್ಯಾಹಾರಿ. ಮೀನಿನ ಬಗ್ಗೆ ನನಗೆ ಗೊತ್ತಿದ್ದದ್ದು ಅದು ನೀರಿನಲ್ಲಿರುತ್ತದೆ ಎಂಬುದೊಂದೇ. ಇಂಥವನು ಒಬ್ಬ ಮೀನು ಹಿಡಿಯುವವರ ಬಗ್ಗೆ ಬರೆಯಲು ಕೂತಿದ್ದೇನೆ. ಮೀನು ಹಿಡಿಯುವವರು ಎನ್ನುವುದು ಕೂಡ ಸ್ವಲ್ಪ ಉದಾರವಾದ ಮಾತು. ನಿವೃತ್ತಿಯ ನಂತರದ ಐದು ವರ್ಷದಲ್ಲಿ ಅವರ ಗಾಳಕ್ಕೆ ಬಿದ್ದದ್ದು ಒಂದೇ ಮೀನು, ಅದೂ ಮನೆಗೆ ಬರಲಿಲ್ಲ.

ಇದೆಲ್ಲ ಶುರುವಾದದ್ದು ಒಬ್ಬ ಗಿರಾಕಿಯಿಂದ. ಮೆಟ್ರೊ ಕೆಲಸಕ್ಕೆ ಬಂದಿದ್ದ ವಿದೇಶಿ ಇಂಜಿನಿಯರೊಬ್ಬ ಎರಡು ವರ್ಷ ದಿನಾ ಬೆಳಿಗ್ಗೆ ಇವರ ಸೆಕ್ಷನ್ನಿನಲ್ಲೇ ಕೂತು ಇಡ್ಲಿ ತಿಂದ. ದೇಶಕ್ಕೆ ಮರಳುವಾಗ ನೆನಪಿಗೆಂದು ಗಾಳದ ಒಂದು ಉದ್ದದ ರಾಡು, ರೀಲು ಮತ್ತು ತಗಡಿನ ಪುಟ್ಟ ಡಬ್ಬಿ ಕೊಟ್ಟ. ಇವರು ಪ್ರತಿಯಾಗಿ ಒಂದು ಪೊಟ್ಟಣ ಸಾಂಬಾರು ಪುಡಿ ಕೊಟ್ಟರು. ಡಬ್ಬಿಯಲ್ಲಿ ಆರು ಫ್ಲೈಗಳಿದ್ದವು. ಫ್ಲೈ ಅಂದರೆ ನಿಜವಾದ ನೊಣವಲ್ಲ. ಗಾಳದ ಕೊಕ್ಕೆಗೆ ಕೋಳಿಯ ಗರಿ, ಕೂದಲು, ಮಿಂಚುವ ಎಳೆ ಏನೇನೋ ಇಟ್ಟು ದಾರದಿಂದ ಸುತ್ತಿ, ಮೀನಿನ ಕಣ್ಣಿಗೆ ಸಿಗಡಿಯೋ ಮರಿಮೀನೋ ಅನಿಸುವ ಹಾಗೆ ಮಾಡಿದ ಸುಳ್ಳು ತಿಂಡಿ. ಇವರು ಅದನ್ನು ಫ್ಲೈ ಎನ್ನುತ್ತಿರಲಿಲ್ಲ, ಐಟಂ ಎನ್ನುತ್ತಿದ್ದರು.

ನಿವೃತ್ತರಾದ ಮರುವಾರವೇ ಅವರು ಆ ಆರರಲ್ಲಿ ಒಂದನ್ನು ಬಿಚ್ಚಿದರು. ನಾನು ಪಕ್ಕದ ಬ್ಲಾಕಿನವನು, ಪೇಪರು ತರಲು ಹೋದವನು ನೋಡಿದೆ. ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಸೂಜಿ. ದಾರದ ಒಂದೊಂದೇ ಸುತ್ತು ಬಿಚ್ಚಿ, ಎಷ್ಟು ಸುತ್ತು, ಯಾವ ಗರಿ, ಎಲ್ಲಿ ಗಂಟು ಎಂದು ಹೋಟೆಲಿನ ಹಳೆಯ ಆರ್ಡರ್ ಪ್ಯಾಡಿನಲ್ಲಿ ಬರೆದುಕೊಳ್ಳುತ್ತಿದ್ದರು.

"ಇದನ್ನೆಲ್ಲಾ ಫೋನಿನ್ಯಾಗ ತೋರಸ್ತಾರಲ್ರಿ, ವಿಡಿಯೋ ನೋಡಿ ಕಲೀಬಹುದು" ಎಂದೆ.

"ವಿಡಿಯೋ ನೋಡಿ ದೋಸೆ ಹೊಯ್ಲಿಕ್ಕೆ ಕಲಿತವನನ್ನು ನಾನು ಕೆಲಸಕ್ಕೆ ಇಟ್ಕೊಳ್ಳುದಿಲ್ಲ ಮಾಷ್ಟ್ರೇ" ಎಂದರು.

ಬಿಚ್ಚುವ ಕೆಲಸ ಎರಡು ದಿನದಲ್ಲಿ ಮುಗಿಯಿತು. ಮೂರನೆಯ ದಿನ ಕಟ್ಟಲು ಕೂತರು. ಪ್ಯಾಡು ಎದುರಿಗಿಟ್ಟುಕೊಂಡು ಒಂದನೇ ಸಾಲಿನಿಂದ ಶುರು. ಒಂದನೇ ಸಾಲಿನಲ್ಲಿದ್ದದ್ದು ತಲೆಯ ಗಂಟು, ಏಕೆಂದರೆ ಬಿಚ್ಚುವಾಗ ಮೊದಲು ಬಿಚ್ಚಿಕೊಂಡದ್ದು ಅದೇ. ತಲೆ ಭದ್ರವಾಗಿ ಕಟ್ಟಿ, ಎದೆಯ ಗರಿ ಸುತ್ತಿ, ಹೊಟ್ಟೆ ಮಾಡಿ, ಕೊನೆಗೆ ಬಾಲ ಕಟ್ಟಲು ಹೋದರೆ ಜಾಗವೇ ಇಲ್ಲ. ಒಂದು ಗಂಟೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಆ ದೇಶದವರ ಅಳತೆಯೇ ಸರಿ ಇಲ್ಲ" ಎಂದು ತೀರ್ಪು ಕೊಟ್ಟರು. ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎಂದು ನಾನು ಹೇಳಿದಾಗ ಒಳಗೆ ಹೋಗಿ ನನಗೊಂದು ಚಹಾ ತಂದುಕೊಟ್ಟರು. ಒಪ್ಪಿಕೊಂಡೆ ಎಂದು ಹೇಳುವ ಅವರ ರೀತಿ ಅದು.

ಕಟ್ಟುವ ಸಾಮಾನುಗಳೆಲ್ಲ ಮನೆಯವೇ. ಹಲಗೆಗೆ ಸ್ಕ್ರೂ ಹೊಡೆದು ನಿಲ್ಲಿಸಿದ ಒಂದು ಪಕ್ಕಡ್, ಅಂದರೆ ಇಕ್ಕಳ, ಅದರ ಬಾಯಿ ಬಿಗಿಯಲು ರಬ್ಬರ್ ಬ್ಯಾಂಡು. ಅದರ ನಡುವೆ ಕೊಕ್ಕೆ ಕಚ್ಚಿ ಕೂರುತ್ತಿತ್ತು. ಗರಿ ಕೋಳಿ ಅಂಗಡಿಯಿಂದ. ಮಿಂಚಿಗೆ ಜರಿ, ಹೆಂಡತಿಯ ಹಳೆಯ ಸೀರೆಗಳ ಅಂಚಿನಿಂದ. ಗಂಟು ಜಾರದಿರಲು ಬಳಿಯುವ ಅಂಟು ಅವರ ಮಗಳು ಬಿಟ್ಟುಹೋಗಿದ್ದ ಉಗುರು ಬಣ್ಣ. ಕೊಕ್ಕೆ ಮಾತ್ರ ಕ್ರಾಫರ್ಡ್ ಮಾರ್ಕೆಟ್ಟಿನಿಂದ. ಕೂರುವ ಮೊದಲು ಮೇಜನ್ನು ಒದ್ದೆ ಬಟ್ಟೆಯಲ್ಲಿ ಒಂದು ಸಲ, ಒಣ ಬಟ್ಟೆಯಲ್ಲಿ ಒಂದು ಸಲ ಒರೆಸಲೇಬೇಕು. ಆ ಮೇಜಿನ ಮುಂದೆ ಮೀನಿಗೆ ಅವರು ಮೀನು ಎನ್ನುತ್ತಿರಲಿಲ್ಲ. "ಗಿರಾಕಿಗೆ ಹಸಿವು ಉಂಟಾ ಅಂತ ಮೊದಲು ನೋಡ್ಬೇಕು. ಮೆನು ಆಮೇಲೆ" ಎನ್ನುತ್ತಿದ್ದರು. ಪೂರ್ತಿ ಬಿಳಿ ಗರಿಯದ್ದಕ್ಕೆ ಇಡ್ಲಿ ಎಂದು ಹೆಸರು. ಕಂದು ಚುಕ್ಕೆಗಳದ್ದು ರವಾ ಮಸಾಲೆ. ಸಿಗಡಿಯಂತೆ ಕೇಸರಿ ಬಣ್ಣದ್ದು ಶಿರಾ.

ಆ ಶಿರಾದ ಕಥೆ ಬಿಲ್ಡಿಂಗಿನಲ್ಲಿ ಪ್ರಸಿದ್ಧ. ಬಿಳಿ ಗರಿಗೆ ಬಣ್ಣ ಹಾಕಲು ಹೋಟೆಲಿನವರ ಕೈಯಲ್ಲಿ ಜಿಲೇಬಿಯ ಬಣ್ಣ ತರಿಸಿ, ಹೆಂಡತಿ ಇಲ್ಲದ ಹೊತ್ತು ನೋಡಿ ಹಾಲಿನ ಪಾತ್ರೆಯಲ್ಲಿ ಗರಿ ಕುದಿಸಿದರು. ಗರಿ ಚೆನ್ನಾಗಿಯೇ ಬಂತು. ಹತ್ತು ಬೆರಳೂ ಇನ್ನೂ ಚೆನ್ನಾಗಿ ಬಂದವು. ಸಮುದ್ರದ ನೀರು ಒಳನುಗ್ಗುವ ಗೊರಾಯಿ ಖಾಡಿಗೆ ಹೋಗಿ ಐಟಂ ನೀರಿಗೆ ಎಸೆದರೆ, ಎರಡು ನಿಮಿಷಕ್ಕೆ ಅದು ಮತ್ತೆ ಬಿಳಿ. ಬಣ್ಣವೆಲ್ಲ ಉಪ್ಪುನೀರಿಗೆ ಹೋಯಿತು, ಬೆರಳಿನದ್ದು ಹೋಗಲಿಲ್ಲ. ಒಂದು ವಾರ ಕೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡೇ ಓಡಾಡಿದರು. ಕೊನೆಗೆ ಹೋಟೆಲಿನ ಚೈನೀಸ್ ಕೌಂಟರಿನ ಅಡುಗೆಯವನು ಕುದಿಯುವಾಗ ಒಂದು ಚಮಚ ವಿನೆಗರ್ ಹಾಕಿ ನೋಡಿ ಎಂದು ಹೇಳಿಕೊಟ್ಟ. ಆಮೇಲೆ ಬಣ್ಣ ಬಿಡಲಿಲ್ಲ. ಹಾಲಿನ ಪಾತ್ರೆ ಮಾತ್ರ ಗರಿಯ ಪಾತ್ರೆಯಾಗಿಯೇ ಉಳಿಯಿತು.

ಇದೆಲ್ಲ ಹಟವಾಗಿ ಬೆಳೆದದ್ದು ಒಂದು ಹರಕೆಗಾಗಿ. ಆ ಹರಕೆ ಹುಟ್ಟಿದ್ದು ಅವರ ಒಂದು ಸುಳ್ಳಿನಿಂದ. ಮೊದಲ ಸಲ ಖಾಡಿಗೆ ಹೋದಾಗ ಮಧ್ಯಾಹ್ನದವರೆಗೆ ನಿಂತರೂ ಏನೂ ಸಿಕ್ಕಿರಲಿಲ್ಲ. ಬರಿಗೈಯಲ್ಲಿ ಬರಲು ನಾಚಿಕೆಯಾಗಿ ದಾರಿಯಲ್ಲಿ ಕೋಳಿ ಎಂಬ ಬೆಸ್ತ ಜಾತಿಯ ಹೆಂಗಸಿನಿಂದ ಒಂದು ಜಿತಾಡಾ ಮೀನು ಕೊಂಡು, ಬಾಯಿಗೆ ತನ್ನ ಐಟಂ ಚುಚ್ಚಿ, ಮನೆಗೆ ತಂದರು. ಬಾಗಿಲಲ್ಲೇ ಎತ್ತಿ ತೋರಿಸಿದರು. ಅವರ ಹೆಂಡತಿಯನ್ನು ನಾನು ವೈನಿ ಎನ್ನುತ್ತೇನೆ. ಉಡುಪಿಯ ಕಡಲ ಬದಿಯಲ್ಲಿ ಹುಟ್ಟಿದ ಹೆಂಗಸು. ಅವರು ಮೀನನ್ನು ಕೈಗೂ ತೆಗೆದುಕೊಳ್ಳಲಿಲ್ಲ, ಒಂದು ಬೆರಳಿನಿಂದ ಕಿವಿರು ಎತ್ತಿ ನೋಡಿದರು.

"ಖಾಡಿಯಲ್ಲಿ ಬರ್ಫ ಉಂಟಾ?" ಎಂದು ಕೇಳಿದರು.

ಮೀನು ಎರಡು ದಿನ ಮಂಜುಗಡ್ಡೆಯಲ್ಲಿ ಮಲಗಿದ್ದದ್ದು. ಕರಾವಳಿಯ ಹೆಂಗಸಿಗೆ ಕೊಂಡ ಮೀನು ತೋರಿಸಿ ಹಿಡಿದದ್ದು ಎನ್ನುವ ಧೈರ್ಯವನ್ನು ಕರಾವಳಿಯ ಗಂಡಸು ಮಾತ್ರ ಮಾಡಬಲ್ಲ. ವೈನಿ ಬಿದ್ದು ಬಿದ್ದು ನಕ್ಕರು. ಪ್ಯಾಸೇಜಿನಲ್ಲಿ ತರಕಾರಿ ಕೊಳ್ಳುತ್ತಿದ್ದ ನಾಲ್ಕು ಮನೆಯ ಹೆಂಗಸರೂ ನಕ್ಕರು. ಇವರು ಬೂಟು ಬಿಚ್ಚಿ, ಕಾಲು ತೊಳೆದು, ದೇವರ ದೀಪ ಮುಟ್ಟಿ ಹೇಳಿದರು: ನನ್ನ ಕೈಯಲ್ಲಿ ಕಟ್ಟಿದ ಐಟಂಗೆ ಬಿದ್ದ ಮೀನಲ್ಲದೆ ಬೇರೆ ಮೀನು ಇನ್ನು ನನ್ನ ಬಟ್ಟಲಿಗೆ ಬೇಡ.

ಮೀನು ಬಿಡುವುದು ನನಗೆ ದೊಡ್ಡ ವಿಷಯವಾಗಿ ಕಾಣಲಿಲ್ಲ. ನಾನು ಹುಟ್ಟುವಾಗಲೇ ಬಿಟ್ಟವನು. ಆದರೆ ಆ ಮನೆಯಲ್ಲಿ ದಿನಾ ಎರಡು ಹೊತ್ತು ಅದು ದೊಡ್ಡ ವಿಷಯವೇ ಆಗಿತ್ತು. ಮೊದಲ ತಿಂಗಳಲ್ಲೇ ಸಾರಿನ ಪ್ರಶ್ನೆ ಎದ್ದಿತು. ಬಂಗುಡೆಯ ಗಸಿ ಮೀನೋ ಅಲ್ಲವೋ? ಅಲ್ಲ ಎಂದು ಅವರು ತೀರ್ಮಾನಿಸಿದರು, ಮೀನು ಸಾರಿನಲ್ಲಿ ಇರುತ್ತದೆಯೇ ಹೊರತು ಸಾರು ಮೀನಲ್ಲ. ವೈನಿ ಸೌಟನ್ನು ಅಡ್ಡ ಹಿಡಿದು ಬರೀ ಗಸಿ ಬಡಿಸುತ್ತಿದ್ದರು. ಒಂದು ದಿನ ಅದರಲ್ಲಿ ಉಗುರಿನಷ್ಟು ಮೀನಿನ ಚೂರು ಬಿದ್ದುಬಿಟ್ಟಿತು. ತಿಂದರೆ ಹರಕೆ ಮುರಿಯುತ್ತದೆಯೇ ಎಂದು ಕೇಳಲು ನನ್ನನ್ನು ಕರೆಸಿದರು.

"ನನಗೇನ್ ತಿಳೀತದ್ರಿ ಕ್ಯಾಪ್ಟನ್ರ? ನಾ ಅದರ ವಾಸನೀಗೇ ಹೊರಗ ನಿಂತೀನಿ" ಎಂದೆ.

"ಅದಕ್ಕೇ ನಿಮ್ಮನ್ನು ಕರೆದದ್ದು. ನಿಮಗೆ ಆಸೆ ಇಲ್ಲ. ಆಸೆ ಇಲ್ಲದವನೇ ನ್ಯಾಯ ಹೇಳ್ಬೇಕು."

ತಿನ್ನಬಾರದು ಎಂದೆ. ಅವರು ಆ ಚೂರನ್ನು ಬೆರಳ ತುದಿಯಲ್ಲಿ ತೆಗೆದು ಬಟ್ಟಲಿನ ಅಂಚಿಗೆ ಇಟ್ಟರು. ಊಟ ಮುಗಿಯುವವರೆಗೆ ಅದರ ಕಡೆಗೇ ನೋಡುತ್ತಿದ್ದರು. ನನ್ನ ನ್ಯಾಯದ ಬಗ್ಗೆ ನನಗೇ ಬೇಸರವಾಯಿತು.

ವೈನಿಗೆ ಆಗುತ್ತಿದ್ದ ಸಂಕಟ ಬೇರೆಯದು. ಒಂದು ಸಲ ಅವರಿಲ್ಲದಾಗ ಹೇಳಿದರು, "ಅವತ್ತು ನಾನು ನಗಬಾರದಿತ್ತು ಮಾಷ್ಟ್ರೇ. ತಪ್ಪಾಯ್ತು ಅಂತ ಎಷ್ಟು ಸಲ ಹೇಳಿದೆ. ನೀನು ಸರಿಯೇ ಹೇಳಿದ್ದು, ತಪ್ಪು ನನ್ನದು ಅಂತಾರೆ. ಸಿಟ್ಟು ಮಾಡಿದ್ರೆ ಜಗಳ ಆಡ್ಬಹುದು. ಸಿಟ್ಟೂ ಇಲ್ಲ." ಗಂಡ ತಿನ್ನದ ಮೇಲೆ ಅವರಿಗೂ ಮೀನು ಕೊಳ್ಳುವುದರಲ್ಲಿ ಮೊದಲಿನ ಉಮೇದು ಉಳಿದಿರಲಿಲ್ಲ. ಮೊದಲು ಮೀನು ಮಾರುವವಳೊಡನೆ ಅರ್ಧ ಗಂಟೆ ವಾದಿಸುತ್ತಿದ್ದವರು ಈಗ ಕೊಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡು ಬರುತ್ತಿದ್ದರು.

ನಾನು ಅವರ ಶಿಷ್ಯನಾದದ್ದು ಬೇಜಾರು ಕಳೆಯಲು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವರು ಮೂವತ್ತು ವರ್ಷ ಪಾಠ ಹೇಳಿದವನಿಗೆ ಪಾಠ ಹೇಳತೊಡಗಿದರು, ಮತ್ತು ಆ ಸಂತೋಷವನ್ನು ಮುಚ್ಚಿಡುವ ಯಾವ ಪ್ರಯತ್ನವನ್ನೂ ಮಾಡಲಿಲ್ಲ. ನನ್ನ ಮೊದಲ ಫ್ಲೈಯನ್ನು ಬೆಳಕಿಗೆ ಹಿಡಿದು ನೋಡಿ, "ನಿಮ್ಮ ಶಾಲೆಯಲ್ಲಿ ಮಕ್ಕಳು ಹೇಗೆ ಪಾಸಾದ್ರು ಮಾಷ್ಟ್ರೇ?" ಎಂದರು. ಎರಡನೆಯದನ್ನು ವೈನಿಗೆ ತೋರಿಸಿ, ಕಸದಲ್ಲಿ ಸಿಕ್ಕಿತು ನೋಡು ಎಂದರು. ನನ್ನದೊಂದು ತೊಂದರೆ ಇತ್ತು. ಬರೆಯುವುದು ಉಣ್ಣುವುದು ಬಲಗೈಯಲ್ಲಿ, ಅದು ಅಪ್ಪನ ಬೆತ್ತ ಕಲಿಸಿದ್ದು. ಸೂಜಿಗೆ ದಾರ ಪೋಣಿಸುವಂಥ ಸೂಕ್ಷ್ಮದ ಕೆಲಸಕ್ಕೆ ಮಾತ್ರ ನನ್ನ ಎಡಗೈಯೇ ಮುಂದೆ ಬರುತ್ತದೆ. ಎಡಗೈ ಮೇಜಿನ ಮೇಲೆ ಬಂದ ಕೂಡಲೇ ಕ್ಯಾಪ್ಟನ್ ಅದರ ಮೇಲೆ ಸಣ್ಣಗೆ ಒಂದು ಏಟು ಹಾಕುತ್ತಿದ್ದರು.

"ಎಡಗೈಯಲ್ಲಿ ಬಡಿಸುದಾ? ಗಿರಾಕಿ ಎದ್ದು ಹೋಗ್ತಾನೆ."

ಹೀಗಾಗಿ ಅವರ ಎದುರು ಬಲಗೈಯಲ್ಲಿ ಕೆಟ್ಟದಾಗಿ ಕಟ್ಟುತ್ತಿದ್ದೆ, ಮನೆಗೆ ಬಂದು ಎಡಗೈಯಲ್ಲಿ ಚೆನ್ನಾಗಿ ಕಟ್ಟುತ್ತಿದ್ದೆ. ಚೆನ್ನಾಗಿದ್ದದ್ದನ್ನು ಅವರಿಗೆ ತೋರಿಸುವ ಧೈರ್ಯ ಬರಲಿಲ್ಲ.

ನಾಲ್ಕನೆಯ ವರ್ಷಕ್ಕೆ ಅವರ ಕೈ ನಡುಗಲು ಶುರುವಾಯಿತು. ಮೊದಲು ಚಹಾದ ಕಪ್ಪಿನಲ್ಲಿ ಗೊತ್ತಾಯಿತು. ಹತ್ತು ತಟ್ಟೆ ಒಂದೇ ತೋಳಿನ ಮೇಲೆ ಜೋಡಿಸಿಕೊಂಡು ಮೆಟ್ಟಿಲು ಹತ್ತಿದ್ದ ಕೈ ಅದು. ಪರೇಲಿನ ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ಡಾಕ್ಟರು ಅದಕ್ಕೆ ಹೆಸರು ಹೇಳಿ, ಗುಳಿಗೆ ಬರೆದು, ನಿಧಾನವಾಗಿ ಹೆಚ್ಚಾಗುತ್ತದೆ ಎಂದರು. ವಾಪಸು ಬರುವಾಗ ಲೋಕಲಿನಲ್ಲಿ ಕಿಟಕಿಯ ಬಳಿ ಕೂತು, "ಹೆಚ್ಚಾಗುವ ಮೊದಲು ಒಂದು ಗಿರಾಕಿ ಬರ್ತದೆ ಬಿಡಿ" ಎಂದರು.

ಅಲ್ಲಿಂದ ಮುಂದೆ ಅವರ ಐಟಂಗಳು ನೀರಿನಲ್ಲಿ ಬಿಚ್ಚಿಕೊಳ್ಳತೊಡಗಿದವು. ಗಂಟು ಬಿಗಿಯಾಗುತ್ತಿರಲಿಲ್ಲ. ಎಸೆಯುವ ತೋಳು ಸರಿಯಾಗಿತ್ತು, ಕಟ್ಟುವ ಬೆರಳು ಸೋತಿತ್ತು. ವೈನಿ ಒಂದು ಸಂಜೆ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಬಾಗಿಲಿಗೆ ಬಂದರು.

"ಇದನ್ನು ಗಟ್ಟಿ ಮಾಡಿ ಕೊಡಿ ಮಾಷ್ಟ್ರೇ. ಅವರಿಗೆ ಗೊತ್ತಾಗುದು ಬೇಡ."

ನಾನು ಒಂದೊಂದನ್ನೇ ಬಿಚ್ಚಿದೆ. ಅದೇ ಕೊಕ್ಕೆ, ಅದೇ ಗರಿ, ಅದೇ ಜರಿ. ಎಲ್ಲ ಅವರದ್ದೇ, ಸುತ್ತು ಮಾತ್ರ ನನ್ನದು, ಇದರಲ್ಲಿ ಮೋಸವೇನು ಎಂದು ನನಗೆ ನಾನೇ ಹೇಳಿಕೊಂಡೆ. ಎಡಗೈಯಲ್ಲಿ ಬಿಗಿಯಾಗಿ ಕಟ್ಟಿದೆ. ಬೆಳಿಗ್ಗೆ ಡಬ್ಬಿ ಅದರ ಜಾಗದಲ್ಲಿತ್ತು.

ಆ ಭಾನುವಾರವೇ ಮೀನು ಬಿತ್ತು, ನಾನೂ ಜೊತೆಗಿದ್ದೆ. ಬೆಳಗಿನ ಒಂಬತ್ತು ಗಂಟೆ, ಖಾಡಿಯಲ್ಲಿ ನೀರು ಏರುತ್ತಿತ್ತು. ರಾಡು ಬಿಲ್ಲಿನಂತೆ ಬಾಗಿತು. ಕ್ಯಾಪ್ಟನ್ ಕೆಸರಿನಲ್ಲಿ ಮೊಣಕಾಲವರೆಗೆ ಇಳಿದು, ದಾರ ಬಿಟ್ಟು ಎಳೆದು ಬಿಟ್ಟು ಎಳೆದು ಕಾಲು ಗಂಟೆಯಲ್ಲಿ ಅದನ್ನು ದಡಕ್ಕೆ ತಂದರು. ಮೊಳದಷ್ಟು ಉದ್ದದ ಜಿತಾಡಾ. ನಾನು ಆಗಲೇ ಮನಸ್ಸಿನಲ್ಲಿ ವೈನಿಯ ಮುಖ ನೋಡುತ್ತಿದ್ದೆ. ಮೀನನ್ನು ಅವರು ದಡದ ಪಕ್ಕದ ಒಂದು ಗುಂಡಿಯ ನೀರಿನಲ್ಲಿ ಇಟ್ಟು, ಬಾಯಿಯಿಂದ ಐಟಂ ಬಿಡಿಸಿದರು. ಕರ್ಚೀಫಿನಲ್ಲಿ ಒರೆಸಿದರು. ಕನ್ನಡಕ ಹಾಕಿಕೊಂಡರು.

ತುಂಬಾ ಹೊತ್ತು ನೋಡಿದರು.

"ಜರಿ ಯಾವ ಕಡೆಗೆ ವಾಲಿದೆ ನೋಡಿ ಮಾಷ್ಟ್ರೇ" ಎಂದರು.

ನನಗೆ ಆಗ ಹೊಳೆಯಿತು. ಬಲಗೈಯವನು ದಾರ ಸುತ್ತಿದರೆ ಜರಿಯ ಗೆರೆ ಒಂದು ಕಡೆಗೆ ಓರೆಯಾಗುತ್ತದೆ, ಎಡಗೈಯವನು ಸುತ್ತಿದರೆ ಅದರ ಎದುರು ದಿಕ್ಕಿಗೆ. ಅಷ್ಟು ವ್ಯಾಕರಣ ಕಲಿಸಿದವನಿಗೆ ಇಷ್ಟು ಸಣ್ಣ ಗೆರೆ ಕಂಡಿರಲಿಲ್ಲ.

"ವೈನಿ ಹೇಳಿದ್ರು..." ಎಂದೆ.

"ಅವಳೇ ಹೇಳಿರ್ತಾಳೆ. ನಿಮ್ಮಷ್ಟಕ್ಕೆ ನೀವು ಇಷ್ಟು ಬುದ್ಧಿ ಓಡಿಸುದಿಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಒಳ್ಳೇ ಕಟ್ಟಿದ್ದೀರಿ. ಎಡಗೈಯಲ್ಲಿ ಇಷ್ಟು ಚಂದ ಬರ್ತದೆ ಅಂತ ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು?"

"ಮೀನು ಹಿಡಿದಾಂವ ನೀವ ಅಲ್ಲೇನ್ರಿ ಕ್ಯಾಪ್ಟನ್ರ? ತಗೊಂಡು ನಡೀರಿ. ನಾ ಯಾರಿಗೂ ಹೇಳೂದಿಲ್ಲ."

"ನಾನು ಬಡಿಸಿದ್ದು ಮಾತ್ರ. ಅಡುಗೆ ನಿಮ್ಮದು. ಬಡಿಸಿದವನು ಯಾರಾದ್ರೂ ಐಟಂ ಅಡುಗೆಯವನದ್ದೇ. ಅಷ್ಟು ವರ್ಷ ಹೋಟೆಲಲ್ಲಿ ನಿಂತು ನಾನು ಯಾವತ್ತಾದ್ರೂ ದೋಸೆ ನನ್ನದು ಅಂದಿದ್ದೇನಾ?" ಗುಂಡಿಯಲ್ಲಿ ಬಾಲ ಆಡಿಸುತ್ತಿದ್ದ ಮೀನಿನ ಕಡೆ ನೋಡಿದರು. "ಈ ಮೀನು ನಿಮ್ಮದು. ನೀವು ತಿಂತೀರಾ?"

"ಇಲ್ಲ."

"ನನಗೂ ಆಗುದಿಲ್ಲ. ಹಾಗಾದ್ರೆ ಅದರ ನಸೀಬು."

ಎರಡೂ ಕೈಯಲ್ಲಿ ಎತ್ತಿ ಖಾಡಿಗೆ ಬಿಟ್ಟರು. ನಾಲ್ಕು ವರ್ಷದಿಂದ ಬಾಯಿ ಕಟ್ಟಿ ಕಾದಿದ್ದ ಮನುಷ್ಯ. ನನಗೆ ಅವತ್ತು ಅವರ ಮೇಲೆ ಬಂದಷ್ಟು ಸಿಟ್ಟು ಯಾರ ಮೇಲೂ ಬಂದಿಲ್ಲ. ಮನೆಯಲ್ಲಿ ಅವರು, "ಇವತ್ತೂ ಇಲ್ಲ" ಎಂದಷ್ಟೇ ಹೇಳಿದರು. ನಡೆದದ್ದನ್ನು ವೈನಿಗೆ ಮರುದಿನ ನಾನೇ ಹೇಳಿದೆ. ಅವರು ಕೇಳಿ, ಗ್ಯಾಸು ಆರಿಸಿ, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತರು.

ಅದಾದ ಮೇಲೆ ಅವರು ನನ್ನ ಎಡಗೈಗೆ ಹೊಡೆಯುವುದನ್ನು ಬಿಟ್ಟರು. ಟೆರೇಸಿಗೆ ಕರೆದೊಯ್ದು ರಾಡು ಎಸೆಯಲೂ ಕಲಿಸಿದರು. ನನ್ನ ದಾರ ಎಷ್ಟು ಸಲ ಡಿಶ್ ಆಂಟೆನಾಕ್ಕೆ ಸಿಕ್ಕಿಕೊಂಡಿತೋ ಲೆಕ್ಕವಿಲ್ಲ. ಒಂದು ಸಲ ಸೆಕ್ರೆಟರಿಯ ಮನೆಯ ಒಣಗಿದ ಬೆಡ್‌ಶೀಟ್ ಕೂಡ ಸಿಕ್ಕಿತು. "ದೊಡ್ಡದೇ ಬಿತ್ತು ಮಾಷ್ಟ್ರೇ, ನಿಧಾನ ಎಳೀರಿ" ಎಂದರು. ತಮ್ಮ ಐಟಂಗಳನ್ನು ಮಾತ್ರ ಯಾರಿಗೂ ಮುಟ್ಟಲು ಕೊಡಲಿಲ್ಲ. ಉದ್ದಿನ ಬೇಳೆಯ ಚೀಲವೊಂದನ್ನು ಮೇಜಿನ ಮೇಲಿಟ್ಟು, ನಡುಗುವ ಮಣಿಕಟ್ಟನ್ನು ಅದರಲ್ಲಿ ಒತ್ತಿ ಹಿಡಿದು, ಗುಳಿಗೆ ತೆಗೆದುಕೊಂಡ ಮೇಲಿನ ಒಂದು ಗಂಟೆಯಲ್ಲಿ ನಾಲ್ಕೈದು ಸುತ್ತು ಹಾಕುತ್ತಿದ್ದರು. ಉಳಿದ ಸುತ್ತು ಮರುದಿನಕ್ಕೆ. ಆ ಮಳೆಗಾಲವಿಡೀ ಕೂತು ಅವರು ಕಟ್ಟಿದ್ದು ಎರಡು ಐಟಂ. ಎರಡೂ ಕೇಸರಿ. ಗಂಟನ್ನು ನಾನು ಎಳೆದು ನೋಡಿದೆ, ಜಾರಲಿಲ್ಲ.

ಮಳೆ ಬಿಟ್ಟ ಮೇಲೆ ಹೋಗೋಣ ಎಂದಿದ್ದರು. ಮಳೆ ಬಿಡುವ ಮೊದಲೇ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಚಹಾಕ್ಕೆ ಏಳಲಿಲ್ಲ.

ಅವರ ಕಡೆ ಒಂದು ಕ್ರಮವಿದೆ. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಶಾಸ್ತ್ರಗಳೆಲ್ಲ ಮುಗಿದ ಮೇಲೆ ಹೋದವರಿಗೆ ಇಷ್ಟವಾದದ್ದನ್ನೆಲ್ಲ ಅಡುಗೆ ಮಾಡಿ, ಒಳಕೋಣೆಯಲ್ಲಿ ಬಾಳೆ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ ಮನೆಯವರು ಹೊರಗೆ ಕೂರುತ್ತಾರೆ. ಹೋದವರು ಬಂದು ಉಂಡು ಹೋಗುತ್ತಾರೆ ಎಂದು ನಂಬಿಕೆ. ಅದಕ್ಕೆ ಹದಿಮೂರನೆಯ ದಿನ ಗೊತ್ತಾಗಿತ್ತು. ಹತ್ತನೆಯ ದಿನ ವೈನಿ ನನ್ನನ್ನು ಕರೆದು ಕೇಳಿದರು.

"ಎಲೆಗೆ ಮೀನು ಬಡಿಸ್ಬಹುದಾ ಮಾಷ್ಟ್ರೇ? ಬಡಿಸಿದ್ರೆ ಅವರ ಹರಕೆ ಮುರಿದ ಹಾಗೆ. ಬಡಿಸದಿದ್ರೆ..." ಒಳಕೋಣೆಯ ಕಡೆ ನೋಡಿ, "ನಾನು ಅವತ್ತು ನಕ್ಕದ್ದಕ್ಕೆ ಅವರು ಅಲ್ಲಿಯೂ ಬರೀ ಸಾರಿನಲ್ಲಿ ಉಣ್ಣಬೇಕಾ?" ಎಂದರು.

ಈ ಸಲ ನ್ಯಾಯ ಹೇಳಲು ನನಗೆ ಕಷ್ಟವಾಗಲಿಲ್ಲ. ಬಡಿಸಿದವನು ಯಾರಾದರೂ ಐಟಂ ಅಡುಗೆಯವನದ್ದು ಎಂದು ಖಾಡಿಯ ದಡದಲ್ಲಿ ಅವರೇ ಹೇಳಿದ್ದರು. ಅವರೇ ಕಟ್ಟಿದ ಎರಡು ಐಟಂ ಡಬ್ಬಿಯಲ್ಲಿದ್ದವು. ಯಾರು ಎಸೆದರೂ ಅದಕ್ಕೆ ಬಿದ್ದ ಮೀನು ಅವರದ್ದೇ. "ಮೂರು ದಿನ ಅದಾವಲ್ರಿ ವೈನಿ, ನೋಡೋಣು" ಎಂದೆ. ಹೇಳಿ ಮನೆಗೆ ಬಂದ ಮೇಲೆ ನಾನು ಏನು ಹೇಳಿದೆ ಎಂಬುದು ನನಗೇ ತಿಳಿಯಿತು.

ಮೊದಲನೆಯ ಬೆಳಿಗ್ಗೆ ಅವರ ರಾಡು ಹಿಡಿದು ಖಾಡಿಗೆ ಹೋದೆ, ಏನೂ ಬರಲಿಲ್ಲ. ಎರಡನೆಯ ಬೆಳಿಗ್ಗೆ ಒಂದು ಐಟಂ ನೀರೊಳಗಿನ ಮ್ಯಾಂಗ್ರೋವ್ ಬೇರಿಗೆ ಸಿಕ್ಕಿಕೊಂಡಿತು. ಪ್ಯಾಂಟು ಮಡಿಸಿ ಕೆಸರಿಗಿಳಿದು ಎಳೆದೆ, ದಾರ ಕಡಿದು ಅದು ಅಲ್ಲೇ ಉಳಿಯಿತು. ದಡದಲ್ಲಿ ಕೂತು ಅತ್ತೆ. ಅರವತ್ತೇಳು ವರ್ಷದವನು ಒಂದು ಕೋಳಿ ಗರಿಗೆ ಅಳುವುದನ್ನು ನೋಡಿ ದೋಣಿಯ ಮುದುಕನೊಬ್ಬ, "ಮಹೆಂಗಾ ಥಾ ಕ್ಯಾ?" ಎಂದು ಕೇಳಿದ. ಹೂಂ, ದುಬಾರಿಯದೇ ಎಂದೆ.

ಮೂರನೆಯ ಬೆಳಿಗ್ಗೆ ಉಳಿದ ಒಂದನ್ನು ಎಸೆಯಲು ಕೈ ಬರಲಿಲ್ಲ. ಎಸೆದರೆ ಅದೂ ಹೋಗಬಹುದು. ಅರ್ಧ ಗಂಟೆ ನಿಂತು ಕೊನೆಗೆ ಬೇರುಗಳಿಲ್ಲದ, ಸಪಾಟಾದ ಜಾಗ ನೋಡಿ ಎಸೆದೆ. ಹತ್ತು ಗಂಟೆಗೆ ಅದು ಬಂತು. ದೊಡ್ಡದಲ್ಲ, ಅಂಗೈ ಉದ್ದದ್ದು, ಬೆಳ್ಳಿ ಬಣ್ಣದ್ದು. ಅದರ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ದೋಣಿಯ ಮುದುಕ ನೋಡಿ, "ಇಸಮೇ ಸಿರ್ಫ್ ಕಾಂಟಾ ಹೈ, ಛೋಡ್ ದೋ" ಎಂದ. ಬರೀ ಮುಳ್ಳಾದರೂ ಬಿಡಲಿಲ್ಲ. ಜೀವನದಲ್ಲಿ ಮೊದಲ ಸಲ ಮೀನು ಮುಟ್ಟಿದೆ. ಅದು ಕೈಯಲ್ಲೇ ಒದ್ದಾಡಿ ನಿಂತಿತು. ನನಗೆ ಪಾಪ ಅನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ನನ್ನ ಊಟದ ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತವನು ಎದ್ದು ಬೇರೆ ಸೀಟಿಗೆ ಹೋದ.

ವೈನಿ ಡಬ್ಬಿ ತೆರೆದು, ಒಂದು ಬೆರಳಿನಿಂದ ಕಿವಿರು ಎತ್ತಿ ನೋಡಿದರು. ಐಟಂ ಇನ್ನೂ ಅದರ ಬಾಯಲ್ಲೇ ಇತ್ತು. ಬಿಡಿಸಿ, ತೊಳೆದು, ಜರಿಯ ಗೆರೆ ವಾಲಿದ ಕಡೆಯನ್ನು ಬೆಳಕಿಗೆ ಹಿಡಿದು ನೋಡಿ, ಸೆರಗಿನ ತುದಿಗೆ ಕಟ್ಟಿಕೊಂಡರು.

ಹದಿಮೂರನೆಯ ದಿನ ಮಧ್ಯಾಹ್ನ ಎಲೆ ಹಾಕಿದರು. ಕೋಳಿ, ಕಡಲೆ, ಪಾಯಸ, ಎಲ್ಲದರ ನಡುವೆ ಮಸಾಲೆ ಹಚ್ಚಿ ಹುರಿದ ಆ ಒಂದು ಪುಟ್ಟ ಮೀನು. ವೈನಿ ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು. ನಾನು, ಪುಣೆಯಿಂದ ಬಂದ ಅವರ ಮಗಳು ಎದುರಿಗೆ ಕೂತೆವು. ಹದಿನೈದು ನಿಮಿಷ ಮುಚ್ಚಿಡುವುದು ರೂಢಿಯಂತೆ. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ಮಗಳು ಗಡಿಯಾರ ನೋಡಿ ಮೆಲ್ಲಗೆ, "ಅಮ್ಮಾ, ಟೈಮ್ ಹೋ ಗಯಾ. ಬಾಗಿಲು... ಓಪನ್ ಮಾಡ್ಲಾ?" ಎಂದಳು.

ವೈನಿ ಕದಲಲಿಲ್ಲ.

"ಇರು. ಮುಳ್ಳಿನ ಮೀನು ಅದು. ಕೈ ಬೇರೆ ನಡುಗ್ತದೆ ಅವರದ್ದು. ನಿಧಾನ ತಿನ್ನಲಿ" ಎಂದರು.